ಅಂತರ್ಜಾಲದ ಪಾತ್ರಕಥನ: ಒಂದು ಸರದಿ ಎಷ್ಟು ಉದ್ದವಿರಬೇಕು?

ಅಂತರ್ಜಾಲದಲ್ಲಿ ಕೆಲವರು ಸೇರಿ, ತಲಾ ಒಂದು ಪಾತ್ರ ವಹಿಸಿಕೊಂಡು, ಸರದಿಯಂತೆ ಬರೆಯುತ್ತ ಒಂದೇ ಕಥೆ ಕಟ್ಟುವುದಕ್ಕೆ ರೋಲ್‌ಪ್ಲೇ ಬರವಣಿಗೆ ಎನ್ನುತ್ತಾರೆ. 1978ರಲ್ಲಿ ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ‘ಮಡ್’ ಎಂಬ ಪಠ್ಯರೂಪದ ಆಟ ಇದರ ಪೂರ್ವಜರಲ್ಲೊಂದು. ಒಂದು ಸರದಿಯಲ್ಲಿ ಎಷ್ಟು ಬರೆಯಬೇಕೆಂಬುದು ಇಲ್ಲಿನ ಹಳೆಯ ತಕರಾರು.

ಮೊದಲ ಮಿತಿ ಮಾಧ್ಯಮದ್ದು. ಐಆರ್‌ಸಿಯಲ್ಲಿ ಒಂದು ಸಂದೇಶಕ್ಕೆ 512 ಬೈಟ್‌ಗಳ ಮಿತಿಯಿತ್ತು. 2015ರಲ್ಲಿ ಬಂದ ಡಿಸ್ಕಾರ್ಡ್‌ನ ಉಚಿತ ಖಾತೆಗೆ 2,000 ಚಿಹ್ನೆಗಳ ಮಿತಿಯಿದೆ. ಕನ್ನಡದಲ್ಲಿ ಬರೆದರೆ ಕಾಗುಣಿತದ ಗುರುತುಗಳೂ ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ.

ಆದರೆ ನಿಜವಾದ ಅಳತೆಗೋಲು ಜೊತೆಗಾರರಿಗೆ ಉಳಿಯುವ ಅವಕಾಶ. ‘ಕಾವಲುಗಾರ ತಲೆಯಾಡಿಸಿದ’ ಎಂದಷ್ಟೇ ಬರೆದರೆ ಎದುರಿನವರಿಗೆ ಮುಂದುವರಿಸಲು ಎಳೆ ಸಿಗದು. ಅದೇ ಕಾವಲುಗಾರ ಕಳ್ಳನನ್ನು ಹಿಡಿದು, ಸೆರೆಗೂ ತಳ್ಳಿದನೆಂದು ಐದು ಪ್ಯಾರಾ ಬರೆದರೆ, ಕಳ್ಳನ ಪಾತ್ರಧಾರಿಗೆ ಮಾಡಲು ಏನೂ ಉಳಿಯದು. ಆತ ದೀಪವೆತ್ತಿ ‘ಯಾರದು?’ ಎನ್ನುವಲ್ಲಿಗೆ ನಿಲ್ಲಿಸುವುದು ಜಾಣತನ.

ಮಾತಿನ ಚಕಮಕಿಗೆ, ಹೊಡೆದಾಟಕ್ಕೆ ಒಂದೆರಡು ಪ್ಯಾರಾ ಸಾಕು. ಹೊಸ ಸ್ಥಳದ ವರ್ಣನೆಗೆ ಮೂರು ನಾಲ್ಕು ಬೇಕಾದೀತು. ಈ ಕುರಿತು ಮೊದಲೇ ಒಪ್ಪಂದವಾಗುವುದು ಒಳಿತು. ದೀರ್ಘ ಬರಹಕ್ಕೆ ಅಷ್ಟೇ ದೀರ್ಘ ಉತ್ತರ ಬೇಕೆಂಬ ಒತ್ತಡ ಬಿದ್ದರೆ, ಬಿಡುವಿಲ್ಲದವರು ಬರೆಯುವುದನ್ನು ಮುಂದೂಡುತ್ತಾರೆ. ಕಥೆ ಅರ್ಧಕ್ಕೇ ನಿಲ್ಲುತ್ತದೆ.