ಬ್ಯಾಟೂ ಹಿಡಿವ, ಚೆಂಡೂ ಎಸೆವ ಹುಡುಗನನ್ನು ಅಳೆಯುವುದು ಹೇಗೆ?

ಗದಗಿನ ಸುನಿಲ್ ಜೋಶಿ ಅಂದಕೂಡಲೇ ಕ್ರಿಕೆಟ್ ಬಲ್ಲವರು ನೈರೋಬಿಯ ಮಾತು ತೆಗೆಯುತ್ತಾರೆ. 1999ರ ಸೆಪ್ಟೆಂಬರ್ 26ರಂದು ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಮರೆಯುವಂಥದ್ದಲ್ಲ, ನಿಜ. ಆದರೆ ಒಂದು ದಿನದ ಆಟಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅವರ 1995-96ರ ರಣಜಿ ಋತು. ಕರ್ನಾಟಕ ಟ್ರೋಫಿ ಗೆದ್ದ ಆ ವರ್ಷ ಜೋಶಿ 500ಕ್ಕೂ ಹೆಚ್ಚು ರನ್ ಹೊಡೆದು, 50ಕ್ಕೂ ಹೆಚ್ಚು ವಿಕೆಟ್ ಕಿತ್ತರು. ಬ್ಯಾಟಿಂಗ್ ಸರಾಸರಿ 66ರ ಆಸುಪಾಸು, ಬೌಲಿಂಗ್ ಸರಾಸರಿ 15ರ ಆಸುಪಾಸು. ಮೊದಲಿನದರಲ್ಲಿ ಎರಡನೆಯದನ್ನು ಕಳೆದು ಉಳಿದದ್ದು ಸೊನ್ನೆಗಿಂತ ಮೇಲಿದ್ದರೆ ಆತ ಒಳ್ಳೆಯ ಆಲ್‌ರೌಂಡರ್ ಎನ್ನುವುದು ವಾಡಿಕೆ. ಇಲ್ಲಿ ಉಳಿಯುವುದು 50ಕ್ಕಿಂತ ಹೆಚ್ಚು! 2000ದ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್ ನಡೆದಾಗ ಪಂದ್ಯಶ್ರೇಷ್ಠ ಆದವರೂ ಅವರೇ. 8 ವಿಕೆಟ್, ಜೊತೆಗೆ 92 ರನ್.

ಶಾಲೆಯ ದಿನಗಳಲ್ಲಿ ಜೋಶಿ ಬೆಳಗಿನ ಜಾವ ಗದಗದಿಂದ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರಂತೆ. ಅದೇ ಜಿಲ್ಲೆಯ ರೋಣದ ಹುಡುಗನಾದರೆ ಮೊದಲು ಗದಗ ಮುಟ್ಟಬೇಕು, ಆಮೇಲೆ ಹುಬ್ಬಳ್ಳಿಯ ಲೆಕ್ಕ. ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯದ ಆಯ್ಕೆ ನೋಡುವವರ ಮುಂದೆ ಅವನಿಗೆ ಸಿಗುವುದು ನೆಟ್ಸ್‌ನಲ್ಲಿ ಕೆಲವೇ ನಿಮಿಷ. ಅದಕ್ಕೂ ಮೊದಲೇ ಊರಲ್ಲಿ ಯಾರೋ ಒಬ್ಬರು, ಹೆಚ್ಚಾಗಿ ಶಾಲೆಯ ಪಿ.ಟಿ. ಮಾಸ್ತರರು, ಇವನನ್ನು ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಿರುತ್ತಾರೆ. ಹದಿನಾಲ್ಕರ ಹುಡುಗ, ಎಡಗೈ ಸ್ಪಿನ್ ಹಾಕುತ್ತಾನೆ, ಐದನೇ ಕ್ರಮಾಂಕದಲ್ಲಿ ಬ್ಯಾಟ್ ಬೀಸುತ್ತಾನೆ. ಅವನಲ್ಲಿ ನೋಡಬೇಕಾದ್ದು ಏನು?

ಈ ಪ್ರಶ್ನೆಯ ಹಿಂದೆ ಬಿದ್ದು ಅದನ್ನೇ ಉದ್ಯೋಗ ಮಾಡಿಕೊಂಡವರು ಅಮೆರಿಕದ ಬೇಸ್‌ಬಾಲ್ ಜನ. ಅಲ್ಲಿನ ಸ್ಕೌಟ್‌ಗಳು ಊರೂರು ಸುತ್ತಿ ಹುಡುಗರಿಗೆ 20ರಿಂದ 80ರವರೆಗೆ ಅಂಕ ಕೊಡುತ್ತಾರೆ. ವೃತ್ತಿಪರ ಲೀಗಿನ ಸಾಧಾರಣ ಆಟಗಾರನಿಗೆ 50. ಅಲ್ಲಿಂದ ಮೇಲೆ ಅಥವಾ ಕೆಳಗೆ ಹತ್ತು ಹತ್ತರ ಮೆಟ್ಟಿಲು. ಈ ಪದ್ಧತಿಯ ಜಾಣತನ ಇರುವುದು ಅಂಕದಲ್ಲಲ್ಲ, ಪ್ರತಿ ಕೌಶಲಕ್ಕೂ ಎರಡು ಅಂಕ ಬರೆಯುವುದರಲ್ಲಿ. ಒಂದು ಈಗ ಕಾಣುವುದು, ಇನ್ನೊಂದು ಬೆಳೆದ ಮೇಲೆ ಆಗಬಹುದಾದದ್ದು. ಹದಿನೇಳರ ಹುಡುಗನಿಗೆ ಇಂದು 30, ಮುಂದೆ 60 ಎಂದು ಬರೆದರೆ ಯಾರೂ ನಗುವುದಿಲ್ಲ. ಬ್ಯಾಟಿಂಗ್, ಪಿಚಿಂಗ್ (ಅಂದರೆ ಚೆಂಡು ಎಸೆತ) ಎರಡೂ ಬಲ್ಲವನಿಗೆ ಎರಡು ಬೇರೆ ಬೇರೆ ಹಾಳೆ. ನಮ್ಮಲ್ಲಿ ಬರೆಯುವುದು ಒಂದೇ ಹಾಳೆ, ಅದೂ ಇಂದಿನದು ಮಾತ್ರ. ಅದರಲ್ಲೂ ಮೊದಲು ಕಣ್ಣಿಗೆ ಬೀಳುವುದು ರನ್ನು.

"ಏನ್ ಹೊಡಿತಾನ್ರೀ ಆ ಹುಡುಗ! ಐದು ಮ್ಯಾಚಿನಾಗ ಸರಾಸರಿ ನಲವತ್ತು ಐತಿ."

ಈ ನಲವತ್ತನ್ನು ಎಷ್ಟು ನಂಬಬೇಕು? ಬ್ಯಾಟ್ಸ್‌ಮನ್‌ನ ಸ್ಕೋರುಗಳು ವಿಪರೀತ ಏರಿಳಿಯುತ್ತವೆ. ಇಂದು ಸೊನ್ನೆ, ನಾಳೆ ಎಪ್ಪತ್ತು. ಈ ಏರಿಳಿತದ ಅಳತೆ ಹೆಚ್ಚೂಕಡಿಮೆ ಅವನ ಸರಾಸರಿಯಷ್ಟೇ ಇರುತ್ತದೆ. ಹುಡುಗನ ನಿಜವಾದ ಯೋಗ್ಯತೆ 30 ರನ್ ಅಂದುಕೊಳ್ಳಿ. ಐದು ಇನ್ನಿಂಗ್ಸ್ ಮಾತ್ರ ನೋಡಿದರೆ ತಪ್ಪಿನ ಅಂದಾಜು 30ನ್ನು 5ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಸುಮಾರು 13. ಅದೇ ಹುಡುಗ ಒಂದು ಟೂರ್ನಿಯಲ್ಲಿ 17, ಮತ್ತೊಂದರಲ್ಲಿ 43 ಸರಾಸರಿ ತಂದರೂ ಅವನು ಬದಲಾಗಿಲ್ಲ, ಅದೃಷ್ಟ ಬದಲಾಗಿದೆ. 25 ಇನ್ನಿಂಗ್ಸ್ ಆದ ಮೇಲೆ ತಪ್ಪು 6ಕ್ಕೆ ಇಳಿಯುತ್ತದೆ. ಜೋಶಿ ಮಿಂಚಿದ ನೈರೋಬಿಯ ಅದೇ ಟೂರ್ನಿಯಲ್ಲಿ ಕರ್ನಾಟಕದವರೇ ಆದ ವಿಜಯ್ ಭಾರದ್ವಾಜ್ ಆಡಿದ ಮೊದಲ ಸರಣಿಯಲ್ಲೇ ಸರಣಿಶ್ರೇಷ್ಠರಾದರು. ಆದರೂ ಅವರ ಅಂತರರಾಷ್ಟ್ರೀಯ ಆಟ 10 ಏಕದಿನ, 3 ಟೆಸ್ಟ್‌ಗಳಲ್ಲೇ ಮುಗಿಯಿತು. ಒಂದು ಟೂರ್ನಿ ಯಾರ ಭವಿಷ್ಯವನ್ನೂ ಹೇಳುವುದಿಲ್ಲ, ಒಳ್ಳೆಯದನ್ನೂ ಕೆಟ್ಟದ್ದನ್ನೂ.

ರನ್ನು ಬಿಟ್ಟರೆ ಕಣ್ಣು ಹೋಗುವುದು ಮೈಕಟ್ಟಿನ ಕಡೆಗೆ. ಇಲ್ಲಿ ಮೋಸ ಇನ್ನೂ ಹೆಚ್ಚು. ಗಂಡುಮಕ್ಕಳು ಅತಿ ವೇಗವಾಗಿ ಎತ್ತರ ಬೆಳೆಯುವುದು ಸರಾಸರಿ ಹದಿನಾಲ್ಕನೇ ವಯಸ್ಸಿಗೆ. ಆ ಒಂದು ವರ್ಷದಲ್ಲಿ 9-10 ಸೆಂ.ಮೀ. ಏರುವುದುಂಟು. ಆದರೆ ಕೆಲವರಿಗೆ ಅದು ಹನ್ನೆರಡಕ್ಕೇ ಬರುತ್ತದೆ, ಕೆಲವರಿಗೆ ಹದಿನಾರು ಹತ್ತಿರವಾದಾಗ. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬ ಮೀಸೆ ಮೂಡಿದ ಗಂಡಸು, ಇನ್ನೊಬ್ಬ ಇನ್ನೂ ಕೂಸು. ಬೌಂಡರಿ ದಾಟಿಸುವವನು ಮೊದಲಿನವನೇ. ಆಯ್ಕೆಯಾಗುವವನೂ ಅವನೇ.

ಇದಕ್ಕೆ ವಯೋಮಿತಿಯ ಗೆರೆಯೂ ಸೇರಿಕೊಳ್ಳುತ್ತದೆ. 1985ರಲ್ಲಿ ರೋಜರ್ ಬಾರ್ನ್ಸ್‌ಲಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಕೆನಡಾದ ಐಸ್ ಹಾಕಿ ತಂಡಗಳಲ್ಲಿ ಜನವರಿಯಿಂದ ಮಾರ್ಚ್ ಒಳಗೆ ಹುಟ್ಟಿದವರೇ ತುಂಬಿರುವುದನ್ನು ತೋರಿಸಿದರು. ಅಲ್ಲಿ ವಯಸ್ಸಿನ ಗೆರೆ ಜನವರಿ 1. ಗೆರೆ ದಾಟಿದ ಕೂಡಲೇ ಹುಟ್ಟಿದವನು ತನ್ನ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವ. ದೊಡ್ಡವನು ಆಯ್ಕೆಯಾಗುತ್ತಾನೆ, ಆಯ್ಕೆಯಾದವನಿಗೆ ತರಬೇತಿ ಸಿಗುತ್ತದೆ, ತರಬೇತಿ ಸಿಕ್ಕವನು ನಿಜಕ್ಕೂ ಮುಂದೆ ಹೋಗುತ್ತಾನೆ. ನಮ್ಮ ಕಿರಿಯರ ಕ್ರಿಕೆಟ್‌ನಲ್ಲಿ ಈ ಗೆರೆ ಸೆಪ್ಟೆಂಬರ್ 1.

ಈಗ ನಮ್ಮ ಕಡೆಯ ಶಾಲೆಗಳ ದಾಖಲಾತಿ ಪುಸ್ತಕ ತೆಗೆಯಿರಿ. ಜೂನ್ 1ರಂದು ಹುಟ್ಟಿದವರ ಸಾಲು ಸಾಲೇ ಇರುತ್ತದೆ! ಒಂದನೇ ಇಯತ್ತೆಗೆ ಸೇರಿಸಲು ವಯಸ್ಸು ಸಾಲದಿದ್ದರೆ, ತಾರೀಖು ಮನೆಯವರಿಗೇ ನೆನಪಿಲ್ಲದಿದ್ದರೆ, ಮಾಸ್ತರರು ಬರೆಯುತ್ತಿದ್ದದ್ದು ಅದೊಂದೇ ತಾರೀಖು. ಸೀಗೆ ಹುಣ್ಣಿಮೆಯ ಹೊತ್ತಿಗೆ, ಅಂದರೆ ಅಕ್ಟೋಬರ್‌ನಲ್ಲಿ ಹುಟ್ಟಿದ ಕೂಸಿಗೆ ಅದೇ ವರ್ಷದ ಜೂನ್ 1 ಎಂದು ಬರೆದರೆ ಏನಾಗುತ್ತದೆ ನೋಡಿ. ನಿಜದ ತಾರೀಖಿನ ಪ್ರಕಾರ ಅವನು ಮುಂದಿನ ಗುಂಪಿನ ಹಿರಿಯರಲ್ಲಿ ಒಬ್ಬನಾಗಬೇಕಿತ್ತು. ಕಾಗದದಲ್ಲಿ ಅವನು ಹಿಂದಿನ ಗುಂಪಿಗೆ ಬಿದ್ದ; ಅಲ್ಲಿ ಎಲ್ಲರಿಗಿಂತ ಕಿರಿಯ. ಆಟದಲ್ಲಿ ಒಂದು ಇಡೀ ವರ್ಷ ಹೋಯಿತು. ವಯಸ್ಸು ಕದ್ದವರ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ವಯಸ್ಸು ಕಳೆದುಕೊಂಡ ಇವನ ಸುದ್ದಿ ಎಲ್ಲೂ ಬರುವುದಿಲ್ಲ.

ಕಳ್ಳತನ ಹಿಡಿಯಲು ಬಿಸಿಸಿಐ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆಸುತ್ತದೆ. ಮಣಿಕಟ್ಟಿನ, ಬೆರಳಿನ ಎಲುಬುಗಳ ತುದಿ ಎಷ್ಟು ಬಲಿತಿದೆ ಎಂದು ಅಂಕ ಹಾಕಿ ಎಲುಬಿನ ವಯಸ್ಸು ಹೇಳುವ ಪದ್ಧತಿ ಇದು. ಟ್ಯಾನರ್, ವೈಟ್‌ಹೌಸ್ ಎಂಬಿಬ್ಬರ ಹೆಸರಿನಿಂದ ಟಿಡಬ್ಲ್ಯು3 ಎನ್ನುತ್ತಾರೆ. ಆದರೆ ಎಲುಬಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಬೇಗ ಬಲಿಯುವ ಹುಡುಗನ ಎಲುಬು ಅವನ ನಿಜ ವಯಸ್ಸಿಗಿಂತ ಒಂದು ವರ್ಷ ಮುಂದಿದ್ದರೂ ಅಚ್ಚರಿಯಿಲ್ಲ. ಎಕ್ಸ್-ರೇಗಿಂತ ಅಗ್ಗದ ಉಪಾಯ ಶಾಲೆಯ ಗೋಡೆ: ಮೂರು ತಿಂಗಳಿಗೊಮ್ಮೆ ನಿಂತ ಎತ್ತರ, ಕೂತ ಎತ್ತರ ಎರಡನ್ನೂ ಗುರುತು ಹಾಕುವುದು. ಕಾಲು ಮೊದಲು ಬೆಳೆಯುತ್ತದೆ, ಮುಂಡ ಆಮೇಲೆ. ಕಾಲು ಉದ್ದವಾಗುತ್ತಿದ್ದು ಕೂತ ಎತ್ತರ ಇನ್ನೂ ಏರದಿದ್ದರೆ ಬೆಳವಣಿಗೆ ಬಾಕಿ ಇದೆ. ಆ ಹುಡುಗನ ಹೊಡೆತದಲ್ಲಿ ಕಸುವಿಲ್ಲ ಎಂದು ಬರೆಯುವ ಕೈ ಸ್ವಲ್ಪ ತಡೆಯಬೇಕು.

ಇನ್ನು ಬೌಲಿಂಗ್. ಸಣ್ಣ ಹುಡುಗ ಚೆಂಡನ್ನು ಮೇಲಕ್ಕೆ ತೂರಿ ಬಿಟ್ಟರೆ "ಎಂಥಾ ಫ್ಲೈಟ್!" ಅನ್ನುತ್ತೇವೆ. ಭೌತಶಾಸ್ತ್ರ ಬೇರೆ ಮಾತು ಹೇಳುತ್ತದೆ. 1.6 ಮೀಟರ್ ಎತ್ತರದಿಂದ ನೆಲಕ್ಕೆ ಸಮಾನಾಂತರವಾಗಿ ಬಿಟ್ಟ ಚೆಂಡು ನೆಲ ಮುಟ್ಟಲು ಸುಮಾರು 0.57 ಸೆಕೆಂಡ್ ಸಾಕು. ಅಷ್ಟರಲ್ಲಿ ಅದು 15 ಮೀಟರ್ ಹೋಗಬೇಕಾದರೆ ಗಂಟೆಗೆ 95 ಕಿ.ಮೀ. ವೇಗ ಬೇಕು. 2.1 ಮೀಟರ್ ಎತ್ತರದಿಂದ ಬಿಡುವ ದೊಡ್ಡವನಿಗೆ 82 ಕಿ.ಮೀ. ಇದ್ದರಾಯಿತು. 65 ಕಿ.ಮೀ. ವೇಗದ ಹದಿಮೂರರ ಹುಡುಗ ಚೆಂಡನ್ನು ಮೇಲೆ ತೂರದೆ ಇನ್ನೇನು ಮಾಡಿಯಾನು? ಅದು ಕಲೆಯಲ್ಲ, ಅವನಿಗೆ ಬೇರೆ ದಾರಿಯೇ ಇಲ್ಲ. ತೋಳು ಉದ್ದವಾಗಿ ಬಲ ಬಂದ ಮೇಲೂ ತೂರುತ್ತಾನೆಯೇ ಎಂಬುದು ನಿಜವಾದ ಪ್ರಶ್ನೆ.

ಮೈಗಾತ್ರವನ್ನು ಅಷ್ಟಾಗಿ ನೆಚ್ಚದ ಗುಣ ಒಂದಿದೆ: ಬೆರಳು ಚೆಂಡಿಗೆ ಕೊಡುವ ತಿರುಗು. ತಿರುಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಒಂದು ಕಡೆಗೆ ಸೆಳೆದು ತಳ್ಳುತ್ತದೆ, ಗಾಳಿ ಚೆಂಡನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿ ಹೈನ್ರಿಷ್ ಮ್ಯಾಗ್ನಸ್ ಹೆಸರಿನ ಪರಿಣಾಮ ಇದು. ಚೆಂಡು ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ಮೊದಲೇ ಕುಸಿದು ಬೀಳುವುದು, ಗಾಳಿಯಲ್ಲೇ ಪಕ್ಕಕ್ಕೆ ಸರಿಯುವುದು ಇದರಿಂದಲೇ. ಒಳ್ಳೆಯ ಸ್ಪಿನ್ನರ್‌ಗಳ ಚೆಂಡು ನಿಮಿಷಕ್ಕೆ 2,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಇದನ್ನು ಅಳೆಯಲು ಬೆಂಗಳೂರಿಗೇ ಹೋಗಬೇಕಿಲ್ಲ. ಚೆಂಡಿನ ಅರ್ಧಭಾಗಕ್ಕೆ ಬಿಳಿ ಟೇಪು ಸುತ್ತಿ, ಸೆಕೆಂಡಿಗೆ 240 ಚಿತ್ರ ಹಿಡಿಯುವ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಬಿಳಿ ಭಾಗ ಒಮ್ಮೆ ಕಂಡು ಮತ್ತೆ ಅದೇ ಜಾಗಕ್ಕೆ ಬರಲು ಎಷ್ಟು ಚಿತ್ರ ಹಿಡಿದವು ಎಂದು ಎಣಿಸಿ. ಎಂಟು ಚಿತ್ರಕ್ಕೆ ಒಂದು ಸುತ್ತಾದರೆ ನಿಮಿಷಕ್ಕೆ 1,800, ಹನ್ನೆರಡಾದರೆ 1,200. ಹದಿನಾಲ್ಕರ ಹುಡುಗ ನಿಜವಾದ ಚರ್ಮದ ಚೆಂಡಿನಲ್ಲಿ ಎಂಟಕ್ಕೆ ಬಂದರೆ ಅವನ ವಿಕೆಟ್ ಲೆಕ್ಕ ಕೇಳಬೇಡಿ, ಮೊದಲು ಹುಬ್ಬಳ್ಳಿಗೆ ಕಳಿಸಿ.

ಬ್ಯಾಟಿಂಗ್‌ನಲ್ಲಿ ಇಂಥ ಗುಣ ಇರುವುದು ಕಣ್ಣಿನಲ್ಲಿ. ಗಂಟೆಗೆ 140 ಕಿ.ಮೀ. ಚೆಂಡು ಅರ್ಧ ಸೆಕೆಂಡ್ ಆಗುವ ಮೊದಲೇ ಬ್ಯಾಟ್ಸ್‌ಮನ್‌ನನ್ನು ಮುಟ್ಟುತ್ತದೆ. ಕಂಡದ್ದಕ್ಕೆ ಕೈ ಓಗೊಡಲು 0.2 ಸೆಕೆಂಡ್ ಬೇಕು. 2000ದಲ್ಲಿ ಇಂಗ್ಲೆಂಡಿನ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮ್ಯಾಕ್ಲಿಯಡ್ ಮೂವರು ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ ಅವರ ಕಣ್ಣು ಎಲ್ಲಿ ಹೋಗುತ್ತದೆಂದು ನೋಡಿದರು. ಚೆಂಡಿನ ಬೆನ್ನು ಬಿಡದೆ ನೋಡಬೇಕು ಎನ್ನುವ ಹಳೆಯ ಪಾಠ ಅಲ್ಲಿ ನಿಲ್ಲಲಿಲ್ಲ. ಕೈಬಿಟ್ಟ ಚೆಂಡನ್ನು ಕ್ಷಣಕಾಲ ನೋಡಿ, ಅದು ಪುಟಿಯಲಿರುವ ಜಾಗಕ್ಕೆ ಕಣ್ಣು ಮೊದಲೇ ಹಾರಿ ಕಾಯುತ್ತಿತ್ತು. ಪಳಗಿದವನ ಕಣ್ಣು ಬೇಗ ಹಾರಿತು, ಪಳಗದವನದು ತಡವಾಗಿ. ಇದನ್ನು ಪರೀಕ್ಷಿಸಲೂ ಮೊಬೈಲೇ ಸಾಕು. ಕ್ರೀಸಿನ ಕಡೆಯಿಂದ ಬೌಲರನ ವೀಡಿಯೊ ತೆಗೆದು, ಚೆಂಡು ಕೈಬಿಟ್ಟ ಕೂಡಲೇ ನಿಲ್ಲಿಸಿ, "ಎಲ್ಲಿ ಬೀಳತೈತಿ? ಯಾ ಕಡೆ ತಿರುಗತೈತಿ?" ಎಂದು ಕೇಳಿ. ಆಸ್ಟ್ರೇಲಿಯದ ಬ್ರೂಸ್ ಅಬರ್ನೆಥಿ ಮೊದಲಾದವರು ದಶಕಗಳಿಂದ ಬಳಸಿದ ವಿಧಾನವಿದು. ತೋಳಬಲ ಇಲ್ಲದ ಕಿರಿಯನೂ ಇಲ್ಲಿ ಹಿರಿಯರನ್ನು ಸೋಲಿಸಬಹುದು.

ಹುಡುಗ ಆಡಿ ಬೆಳೆದ ನೆಲವನ್ನೂ ಲೆಕ್ಕದಲ್ಲಿ ಕಳೆಯಬೇಕು. ರೋಣದ್ದು ಎರೆಭೂಮಿ. ನೀರು ಕುಡಿದು ಉಬ್ಬುವ, ಒಣಗಿ ಬಾಯಿ ಬಿಡುವ ಜೇಡಿ ಅದರಲ್ಲಿ ತುಂಬಿದೆ. ಕಡಲೆ ಕಿತ್ತ ಹೊಲದಲ್ಲಿ ಮಾಡಿಕೊಂಡ ಪಿಚ್‌ನಲ್ಲಿ ಒಂದು ಚೆಂಡು ನೆಲ ಹಿಡಿದು ಹೋದರೆ ಇನ್ನೊಂದು ಬಿರುಕಿಗೆ ಬಡಿದು ಎತ್ತಲೋ ಹೋಗುತ್ತದೆ. ಅಲ್ಲಿ ಅಡ್ಡ ಬ್ಯಾಟ್ ಬೀಸುವುದು ಹುಡುಗನ ದೋಷವಲ್ಲ, ಬದುಕುವ ದಾರಿ. ಮೇಲಾಗಿ ಅವನ ಕೈಯಲ್ಲಿರುವುದು ಟೆನಿಸ್ ಚೆಂಡು, 58 ಗ್ರಾಂ ತೂಕದ್ದು. ಚರ್ಮದ ಚೆಂಡು 160 ಗ್ರಾಂ ಹತ್ತಿರ, ಅದಕ್ಕೆ ಹೊಲಿಗೆಯ ಸೀಮ್ ಬೇರೆ. ಜಾತ್ರೆ ಟೂರ್ನಿಯ ಸಿಕ್ಸರ್‌ಗಳು ಚರ್ಮದ ಚೆಂಡಿನ ಆಟದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎರಡೂ ಬಲ್ಲವನ ಕಷ್ಟ ಮೈಯದು. ಜಪಾನಿನ ಬೇಸ್‌ಬಾಲ್ ಆಟಗಾರ ಶೊಹೆ ಒಟಾನಿ ಹೈಸ್ಕೂಲಿನಲ್ಲೇ ಗಂಟೆಗೆ 160 ಕಿ.ಮೀ. ವೇಗದಲ್ಲಿ ಎಸೆದವನು, ನಿಪ್ಪಾನ್ ಹ್ಯಾಮ್ ಫೈಟರ್ಸ್ ತಂಡ ಬ್ಯಾಟಿಂಗ್, ಪಿಚಿಂಗ್ ಎರಡನ್ನೂ ಆಡಿಸುತ್ತೇವೆಂದು ಮಾತು ಕೊಟ್ಟೇ ಅವನನ್ನು ಸೇರಿಸಿಕೊಂಡಿತು. 2018ರಲ್ಲಿ, ಮತ್ತೆ 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು. 2024ರಲ್ಲಿ ಒಂದು ಚೆಂಡೂ ಎಸೆಯದೆ ಬರೀ ಬ್ಯಾಟಿನಿಂದ 54 ಹೋಮ್ ರನ್ ಹೊಡೆದ. ಒಂದು ಕೌಶಲ ಕೈಕೊಟ್ಟಾಗ ಇನ್ನೊಂದು ಉಳಿಸಿತು. ಹದಿಮೂರಕ್ಕೇ ಒಂದನ್ನು ಬಿಡಿಸಿದ್ದರೆ ಆ ಬಾಗಿಲೇ ಇರುತ್ತಿರಲಿಲ್ಲ. ನಮ್ಮ ಅಭಿಮನ್ಯು ಮಿಥುನ್ ಹದಿನೇಳರ ತನಕ ಡಿಸ್ಕಸ್ ಎಸೆಯುತ್ತಿದ್ದವರು, ಆಮೇಲೆ ಟೆಸ್ಟ್ ಬೌಲರ್ ಆದರು. ಬೇಗ ಆರಿಸಿಕೊಳ್ಳದಿದ್ದರೆ ಕೆಟ್ಟೆವು ಎಂಬ ಅವಸರಕ್ಕೆ ಆಧಾರವಿಲ್ಲ.

ಆದರೆ ವೇಗದ ಬೌಲಿಂಗ್ ಮಾಡುವ ಹುಡುಗನ ವಿಷಯದಲ್ಲಿ ಮಾತ್ರ ಎಚ್ಚರ. ಬೆಳೆಯುವ ವಯಸ್ಸಿನಲ್ಲಿ ಸೊಂಟದ ಕೆಳಗಿನ ಕಶೇರುಕಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಅತಿಯಾಗಿ ಬೌಲ್ ಮಾಡಿದರೆ ಅಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ, ಹೆಚ್ಚಾಗಿ ಎಸೆಯುವ ಕೈಯ ಎದುರು ಬದಿಗೆ. ಶನಿವಾರ ಶಾಲೆಗೆ, ಭಾನುವಾರ ಬೆಳಿಗ್ಗೆ ಓಣಿಯ ತಂಡಕ್ಕೆ, ಸಂಜೆ ಪಕ್ಕದೂರಿನ ಟೂರ್ನಿಗೆ ಆಡುವ ಹುಡುಗ ಒಟ್ಟು ಎಷ್ಟು ಚೆಂಡು ಹಾಕಿದ ಎಂಬುದು ಯಾವ ಕ್ಯಾಪ್ಟನ್‌ಗೂ ಗೊತ್ತಿರುವುದಿಲ್ಲ.

ರೋಣ, ನರೇಗಲ್, ಅಬ್ಬಿಗೇರಿ, ಗಜೇಂದ್ರಗಡದ ಮಾಸ್ತರರಲ್ಲಿ, ತಂದೆ-ತಾಯಂದಿರಲ್ಲಿ ಕೇಳಿಕೊಳ್ಳುವುದಿಷ್ಟೆ. ಎರಡು ರೂಲು ಪುಸ್ತಕ ಇಡಿ, ಒಂದು ಬ್ಯಾಟಿಗೆ, ಒಂದು ಬೌಲಿಂಗ್‌ಗೆ. ಪ್ರತಿ ವಾರ ಹಾಕಿದ ಚೆಂಡು, ಪ್ರತಿ ಇನ್ನಿಂಗ್ಸಿನ ಸ್ಕೋರು, ಮೂರು ತಿಂಗಳಿಗೊಮ್ಮೆ ಎತ್ತರ ಬರೆಯಿರಿ. ಕೂಸು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ. ಶಾಲೆಗೆ ಹಾಕುವಾಗ ಆ ಪ್ರಮಾಣಪತ್ರದ ತಾರೀಖನ್ನೇ ಬರೆಸಿ. ಹುಡುಗನಿಗೆ ಹದಿನಾರು ತುಂಬುವ ತನಕ ಬ್ಯಾಟೋ ಬೌಲೋ ಎಂದು ಕೇಳಬೇಡಿ.