ಮನೆಯೊಳಗೆ ಬಂದ ದನಿಗಳು

ಶಾಸ್ತ್ರೀಯ ಸಂಗೀತವೊಂದೇ ಸಂಗೀತ, ಉಳಿದುದೆಲ್ಲ ಗದ್ದಲ ಎಂದು ನಂಬಿದ್ದ ಹಿರಿಯರ ನೆರಳಿನಲ್ಲಿ ನಾವು ಬೆಳೆದೆವು. ಸಿನಿಮಾ ಹಾಡು ಬಂದೊಡನೆ ನಮ್ಮ ಮನೆಯ ರೇಡಿಯೋದ ಕಿವಿ ಹಿಂಡಲಾಗುತ್ತಿತ್ತು. ಆ ದಿನಗಳು ಕಳೆದುಹೋದುವೆಂದು ತಿಳಿದಿದ್ದೆವು. ಆದರೆ ಕಳೆದ ಶ್ರಾವಣದಲ್ಲಿ, ಕಾಲೇಜಿನಲ್ಲಿ ಓದುವ ಮಗ ಮೊಬೈಲಿನಲ್ಲಿ ಶಿಶುನಾಳ ಶರೀಫರ ಪದವೊಂದನ್ನು ಹಾಕಿದ. ಹಿನ್ನೆಲೆಯಲ್ಲಿ ಗಿಟಾರು, ಡ್ರಮ್ಮು. ಪೂಜೆ ಮುಗಿಸಿ ಬಂದ ಅವನ ಅಜ್ಜಿ, “ತತ್ತ್ವಪದಕ್ಕೆ ಇಂಥ ವೇಷವೇ?” ಎಂದು ನೊಂದುಕೊಂಡರು. ಮಗ ಮಾತಾಡದೆ ಎದ್ದುಹೋದ. ಎರಡು ದಿನ ಮನೆಯಲ್ಲಿ ಹಾಡೂ ಇಲ್ಲ, ಸರಿಯಾದ ಮಾತೂ ಇಲ್ಲ.

ತಪ್ಪು ಯಾರದು? ತೀರ್ಪು ಕೊಡುವ ಮೊದಲು, ಇಂಥ ಹಾಡುಗಳು ಯಾವ ಯಾವ ಕಂಠಗಳನ್ನು ಹಾದು ನಮ್ಮ ಮನೆಯನ್ನು ತಲುಪಿದುವೆಂಬುದನ್ನು ನೋಡಬೇಕೆನಿಸಿತು.

ಮೊದಲು ನೆನೆಯಬೇಕಾದವರು ಪಾಂಡೇಶ್ವರ ಕಾಳಿಂಗರಾಯರು. 1914ರಲ್ಲಿ ಇಂದಿನ ಉಡುಪಿ ಜಿಲ್ಲೆಯ ಆರೂರಿನಲ್ಲಿ ಜನಿಸಿ, ಎಳವೆಯಲ್ಲೇ ನಾಟಕ ಕಂಪನಿಯ ಬಣ್ಣ ಹಚ್ಚಿದವರು. ಕವಿತೆಯೆಂಬುದು ಪುಸ್ತಕದಲ್ಲಿ ಓದುವ ವಸ್ತುವಾಗಿದ್ದ ಕಾಲದಲ್ಲಿ ಅವರು ಬೇಂದ್ರೆ, ಕುವೆಂಪು ಮೊದಲಾದವರ ಕವನಗಳನ್ನು ಎತ್ತಿಕೊಂಡು ಊರೂರಿನ ಗಣೇಶೋತ್ಸವದ ಚಪ್ಪರಗಳಲ್ಲಿ ಹಾಡಿದರು. ಜೊತೆಗೆ ಮೋಹನಕುಮಾರಿ, ಸೋಹನಕುಮಾರಿ ಸೋದರಿಯರ ದನಿ. ಜನಪದ ಗೀತೆಗಳನ್ನೂ ಅದೇ ವೇದಿಕೆಗೆ ತಂದು, ಕವಿಯ ಪಕ್ಕದಲ್ಲಿ ಕೂಡಿಸಿದರು. ರಾಗದ ವಿಸ್ತಾರಕ್ಕಾಗಿ ಮಾತನ್ನು ಬಲಿಗೊಡದೆ, ಪ್ರತಿಯೊಂದು ಶಬ್ದವೂ ಕೊನೆಯ ಸಾಲಿನ ಕೇಳುಗನಿಗೆ ಮುಟ್ಟುವಂತೆ ಹಾಡುವುದು ಅವರ ರೀತಿ. ‘ಸುಗಮ ಸಂಗೀತ’ವೆಂದು ನಾವು ಇಂದು ಕರೆಯುವ ಪದ್ಧತಿಗೆ ಅವರೇ ಆದ್ಯರು. 1981ರಲ್ಲಿ ಅವರು ತೀರಿಕೊಂಡರು. ಅವರು ಹಾಡಿ ಜನಪ್ರಿಯಗೊಳಿಸಿದ ಗೀತೆಗಳನ್ನು ಇಂದಿಗೂ ಶಾಲೆಗಳಲ್ಲಿ ಹಾಡಿಸುತ್ತಾರೆ. ಹಾಡುವ ಮಕ್ಕಳಿಗೆ ಅವರ ಹೆಸರನ್ನು ಮಾತ್ರ ಹೇಳಿಕೊಡುವವರಿಲ್ಲ. ಇದು ನಮ್ಮ ಬಹುದಿನದ ಕೊರಗು.

ಅನಂತರ ಬಂದದ್ದು ಕ್ಯಾಸೆಟ್ಟಿನ ಯುಗ. ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವನಗಳಿಗೆ ಸ್ವರ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾಯಿತು. ಸಭೆಗೆ ಹೋಗಲಾಗದ ಗೃಹಿಣಿಯರಿಗೆ ಅಡುಗೆಮನೆಯೇ ಸಭೆಯಾದ ಕಾಲವದು. 1978ರಲ್ಲಿಯೇ ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರಕ್ಕಾಗಿ ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ಆ ವರ್ಷದ ರಾಷ್ಟ್ರಪ್ರಶಸ್ತಿ ದೊರೆಯಿತು. ಅವರು ವೃತ್ತಿಯಿಂದ ವಕೀಲರು. ಆ ತುಂಬುಕಂಠ 2022ರ ಆಗಸ್ಟಿನಲ್ಲಿ ನಿಂತಿತು.

ಇನ್ನು ಸಿ. ಅಶ್ವತ್ಥ್. ನಮ್ಮ ಮನೆಯ ಜಗಳಕ್ಕೂ ಇವರಿಗೂ ನೇರ ಸಂಬಂಧವಿದೆ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ರಂಗಭೂಮಿಗೂ ಚಿತ್ರಗಳಿಗೂ ಸಂಗೀತ ಕೊಟ್ಟವರು. ಧಾರವಾಡ ಸೀಮೆಯ ಭಜನೆಯ ಮೇಳಗಳಲ್ಲಿ, ಏಕತಾರಿಯ ಜೊತೆಗೆ ಉಳಿದುಕೊಂಡಿದ್ದ ಶರೀಫರ ಪದಗಳು ಬೆಂಗಳೂರು, ಮೈಸೂರುಗಳ ಮನೆಗಳಿಗೆ ಬಂದದ್ದು ಬಹುಮಟ್ಟಿಗೆ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಆಸಕ್ತಿಯಿಂದ, ಅಶ್ವತ್ಥರ ಸ್ವರದಿಂದ. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಸಂಗೀತವೂ ಅವರದೇ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನಸಾಗರ, ಭಾವಗೀತೆಗೆ ಕೇಳುಗರಿಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿಸಿತು. 1939ರ ಡಿಸೆಂಬರ್ 29ರಂದು ಹುಟ್ಟಿದ ಅವರು 2009ರಲ್ಲಿ ಅದೇ ದಿನ ಅಗಲಿದರು.

ನಾಡಗೀತೆಯ ಧಾಟಿಯ ವಿವಾದ ಓದುಗರಿಗೆ ನೆನಪಿರಬಹುದು. ಕುವೆಂಪು ಅವರ ಆ ಗೀತೆಗೆ ಅನಂತಸ್ವಾಮಿಯವರೂ ಅಶ್ವತ್ಥರೂ ಬೇರೆಬೇರೆ ಧಾಟಿ ಹಾಕಿದ್ದರು. ಸರಕಾರ 2022ರಲ್ಲಿ ಅನಂತಸ್ವಾಮಿಯವರ ಧಾಟಿಯನ್ನೇ ಒಪ್ಪಿ, ಎರಡೂವರೆ ನಿಮಿಷದ ಅವಧಿಯನ್ನು ಗೊತ್ತುಮಾಡಿತು. ಆಗ ಇಬ್ಬರೂ ಇರಲಿಲ್ಲ. ಅನಂತಸ್ವಾಮಿಯವರು ತೀರಿ 27 ವರ್ಷಗಳೇ ಕಳೆದಿದ್ದುವು. ನಮಗೆ ಅಶ್ವತ್ಥರ ಧಾಟಿಯ ಮೇಲೂ ಮಮತೆಯುಂಟು. ಆದರೆ ಮಕ್ಕಳು ಬಿಸಿಲಿನಲ್ಲಿ ನಿಂತು ಹಾಡುವ ಗೀತೆಗೆ ಸರಳತೆಯೇ ಲೇಸು.

ಶಾಸ್ತ್ರೀಯ ವಿದ್ವಾಂಸರು ಜನರಿಂದ ದೂರವೇ ಉಳಿದರೆಂದು ಯಾರೂ ಭಾವಿಸಬಾರದು. ಮಲ್ಲಿಕಾರ್ಜುನ ಮನಸೂರರು ಅಪರೂಪದ ರಾಗಗಳ ಒಡೆಯರಾಗಿದ್ದರೂ, ಅವರು ಹಾಡಿದ ವಚನಗಳಿಂದಲೇ ಅವರನ್ನು ಬಲ್ಲ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ 12 ವರ್ಷ ಕಲಿತ ವೆಂಕಟೇಶ ಕುಮಾರರು ವಚನವನ್ನೂ ದಾಸರ ಪದವನ್ನೂ ಸಮಾನ ಭಕ್ತಿಯಿಂದ ಹಾಡುತ್ತಾರೆ. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಮಗ ಹಾಕಿದ್ದ ಹಾಡು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ವಾದ್ಯವೃಂದದ್ದು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಸೂಕ್ಷ್ಮಜೀವಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು, ಗಿಟಾರು ಅನಂತರದ್ದು. 2008ರಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳಿವೆ. ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯದು. ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಇಂಗ್ಲೆಂಡಿನ ವೇದಿಕೆಗಳಲ್ಲಿ ಅವನ್ನು ಹಾಡಿದಾಗ ಭಾಷೆಯರಿಯದ ಜನರೂ ಕುಣಿದರು. ಅವರ ತಮ್ಮ ವಾಸು ದೀಕ್ಷಿತರು ‘ಸ್ವರಾತ್ಮ’ ವೃಂದದ ಗಾಯಕರು. ಅಣ್ಣನಿಗಿಂತ ತಮ್ಮನ ದನಿಯಲ್ಲಿ ಮಣ್ಣಿನ ವಾಸನೆ ಹೆಚ್ಚೆಂದು ನಮಗೆ ತೋರುತ್ತದೆ, ಮಗ ಒಪ್ಪುವುದಿಲ್ಲ.

ಈ ಗಿಟಾರಿನ ಮಾತಿಗೆ ಬಂದರೆ, ಅಜ್ಜಿಯವರಿಗೆ ನಾವು ಒಂದು ಸಂಗತಿಯನ್ನು ನೆನಪಿಸಿದೆವು. ಭಜನೆಗೆ ಇಂದು ಅನಿವಾರ್ಯವೆನಿಸಿರುವ ಹಾರ್ಮೋನಿಯಂ ಕೂಡ ಪರದೇಶದಿಂದ ಬಂದದ್ದೇ. ಭಾರತೀಯ ಸಂಗೀತಕ್ಕೆ ಹೊಂದದೆಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಅಷ್ಟು ವರ್ಷ ಬಾನುಲಿಯ ಬಾಗಿಲು ಮುಚ್ಚಿದ್ದರೂ ಹಳ್ಳಿಯ ಗುಡಿಗಳಲ್ಲಿ ಅದರ ದನಿ ನಿಲ್ಲಲಿಲ್ಲ.

ಅಜ್ಜಿ ಏನೂ ಹೇಳಲಿಲ್ಲ. ಆದರೆ ಮೂರನೆಯ ದಿನ ಸಂಜೆ ಬತ್ತಿ ಹೊಸೆಯುತ್ತ ಕುಳಿತವರು, “ಆ ಮಾಳಿಗೆಯ ಪದವನ್ನು ಹಾಕು, ಕೇಳೋಣ” ಎಂದರು. ಮಗ ಹಾಕಿದ, ಜೊತೆಗೆ ತಾನೂ ಗುನುಗಿದ. ಎರಡನೆಯ ನುಡಿಯಲ್ಲಿ ಅವನು ತಡವರಿಸಿದಾಗ ಅಜ್ಜಿ ಬತ್ತಿಯಿಂದ ಕಣ್ಣೆತ್ತದೆಯೇ ಮುಂದಿನ ಮಾತನ್ನು ಎತ್ತಿಕೊಟ್ಟರು.