ಕೇಳದೆ ಶಿಕ್ಷೆ ಕೊಡಬಹುದೇ?

ಪ್ರಶ್ನೆ: ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಮಗುವನ್ನು ವಿಚಾರಿಸದೆಯೇ ಸಸ್ಪೆಂಡ್ ಮಾಡಬಹುದೇ?

ಉತ್ತರ: ಇಲ್ಲ. 1971ರಲ್ಲಿ ಓಹಿಯೋದ ಕೊಲಂಬಸ್ ನಗರದ ಶಾಲೆಗಳಲ್ಲಿ ಗಲಾಟೆಯಾದಾಗ, ಹಲವು ವಿದ್ಯಾರ್ಥಿಗಳನ್ನು ವಿಚಾರಣೆಯಿಲ್ಲದೆ 10 ದಿನಗಳವರೆಗೆ ಹೊರಗಿಟ್ಟರು. ಅದನ್ನು ಪ್ರಶ್ನಿಸಿದ ‘ಗಾಸ್ ವಿರುದ್ಧ ಲೋಪೆಜ್’ ಎಂಬ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1975ರಲ್ಲಿ, 5–4ರ ಬಹುಮತದಿಂದ, ವಿದ್ಯಾರ್ಥಿಗಳ ಪರ ತೀರ್ಪಿತ್ತಿತು. ಆ ತೀರ್ಪಿನ ಪ್ರಕಾರ, ಆರೋಪವೇನೆಂದು ಮಗುವಿಗೆ ತಿಳಿಸಬೇಕು, ಬಾಯಿಮಾತಿನಲ್ಲಾದರೂ ಸಾಕು. ಮಗು ಒಪ್ಪದಿದ್ದರೆ ಶಾಲೆ ತನ್ನ ಬಳಿಯಿರುವ ಸಾಕ್ಷ್ಯವನ್ನು ವಿವರಿಸಬೇಕು, ಮಗುವಿನ ಮಾತನ್ನೂ ಕೇಳಬೇಕು. ಇತರರಿಗೆ ಅಪಾಯವಿದ್ದರೆ ಮೊದಲು ಹೊರಗೆ ಕಳಿಸಬಹುದು, ಆದರೆ ಆದಷ್ಟು ಬೇಗ ವಿಚಾರಣೆ ನಡೆಯಲೇಬೇಕು. ಇದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಶಿಸ್ತಿನ ಹೆಸರಿನಲ್ಲಿ ಯಾವ ಶಾಲೆಯೂ, ಎಲ್ಲಿಯೂ, ಆ ನಿಮಿಷಗಳನ್ನು ಮಗುವಿನಿಂದ ಕಸಿಯಬಾರದು.